ನಲವತ್ತೊಂದನೆಯ ಸಾಲಿನ ಹೂಂ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಅದು ಶುದ್ಧ ಸುಳ್ಳು. ನನಗಿರುವುದು ಕೋಪವಲ್ಲ, ಅವಸರ. ಎದುರಿಗಿರುವವರು ಮಾತು ಶುರುಮಾಡುವ ಹೊತ್ತಿಗೆ ಅದರ ಕೊನೆ ನನಗೆ ಗೊತ್ತಾಗಿಬಿಟ್ಟಿರುತ್ತದೆ, ಅಥವಾ ಗೊತ್ತಾಗಿದೆ ಎಂದು ನಾನು ತೀರ್ಮಾನಿಸಿಬಿಟ್ಟಿರುತ್ತೇನೆ. ಅಂಥವಳಿಗೆ ಕೊಟ್ಟಿದ್ದ ಕೆಲಸ ಯಾವುದು ಎಂದು ಕೇಳಿದರೆ ನಗುತ್ತೀರಿ. ಓದುವುದು. ನಿಧಾನವಾಗಿ, ಒಂದೊಂದೇ ಸಾಲು, ಗಟ್ಟಿಯಾಗಿ ಓದುವುದು.

ಶನಿಗ್ರಹದ ಬಳಿ ನಮ್ಮದೊಂದು ನೌಕೆ ಇತ್ತು. ಅದರಲ್ಲಿ ಮನುಷ್ಯರಿಲ್ಲ, ಏನು ಮಾಡಬೇಕು ಎನ್ನುವುದನ್ನು ವಾರಕ್ಕೊಮ್ಮೆ ನಾವೇ ಪಟ್ಟಿ ಮಾಡಿ ರೇಡಿಯೋ ಮೂಲಕ ಕಳಿಸಬೇಕು. ಅದಕ್ಕೆ ಕಾಗದಪತ್ರಗಳಲ್ಲಿ ದೊಡ್ಡದೊಂದು ಹೆಸರಿದೆ. ನಾವು ಕರೆಯುತ್ತಿದ್ದುದು ಬುಟ್ಟಿ ಎಂದು, ಅದರ ಅಗಲವಾದ ಆಂಟೆನಾ ನೋಡಲು ಹಾಗೇ ಇತ್ತು. ಬುಟ್ಟಿಯ ಬಾಯಿ ನಮ್ಮ ಕಡೆ ಇದ್ದರೆ ನಮ್ಮ ಮಾತು ಅದಕ್ಕೆ, ಅದರ ಮಾತು ನಮಗೆ. ಬಾಯಿ ಅತ್ತ ತಿರುಗಿತೋ, ಎರಡೂ ಇಲ್ಲ. ಅದಕ್ಕೆ ಇನ್ನೊಂದು ಸಣ್ಣ ಆಂಟೆನಾ ಕೂಡ ಇತ್ತು, ಆದರೆ ಅದು ಎರಡು ವರ್ಷದ ಹಿಂದೆಯೇ ಕೆಟ್ಟು ಕೂತಿತ್ತು.

ಶನಿ ಹೆಗಲೇರಿದ ಎಂದು ಜನ ಹೆದರುತ್ತಾರೆ. ನಾವೋ, ಏಳು ವರ್ಷದಿಂದ ಶನಿಯ ಬೆನ್ನು ಹತ್ತಿದ್ದೆವು. ಯಾಕೆಂದರೆ ಆ ಗ್ರಹಕ್ಕೊಂದು ಪುಟ್ಟ ಚಂದ್ರ ಇದೆ, ಮೈತುಂಬ ಮಂಜುಗಡ್ಡೆ. ಮಂಜುಗಡ್ಡೆಯ ಬಿರುಕುಗಳಿಂದ ನೀರಿನ ತುಂತುರು ಮೇಲಕ್ಕೆ ಚಿಮ್ಮುತ್ತದೆ. ಇನ್ನು ಹನ್ನೊಂದು ದಿನಕ್ಕೆ ಬುಟ್ಟಿ ಆ ತುಂತುರಿನ ಒಳಗಿಂದಲೇ ಹಾದುಹೋಗಿ, ಒಂದಿಷ್ಟನ್ನು ಹಿಡಿದು, ಅದರಲ್ಲಿ ಏನಿದೆ ಎಂದು ನಮಗೆ ಹೇಳುವುದಿತ್ತು. ಹಾಗೆ ಹಾಯಲು ಇಂಧನ ಇದ್ದದ್ದು ಒಂದೇ ಸಲಕ್ಕೆ. ಮುಚ್ಚಳ ಯಾವಾಗ ತೆಗೆಯಬೇಕು, ಕ್ಯಾಮೆರಾ ಯಾವಾಗ ತೆರೆಯಬೇಕು ಎನ್ನುವ ಪಟ್ಟಿ ಮುಂದಿನ ವಾರ ಹೋಗಬೇಕು. ಅದನ್ನು ಕೇಳಿಸಿಕೊಳ್ಳುವುದಕ್ಕೆ, ಈಗ ಓರೆಯಾಗಿ ಅಂಚಿನಿಂದಷ್ಟೇ ನಮ್ಮ ಮಾತು ಹಿಡಿಯುತ್ತಿದ್ದ ಬುಟ್ಟಿಯ ಬಾಯಿಯನ್ನು ಸರಿಯಾಗಿ ನಮ್ಮ ಕಡೆ ತಿರುಗಿಸುವುದು ಈ ವಾರದ ಪಟ್ಟಿಯ ಕೆಲಸ. ಅರವತ್ತೆರಡು ಸಾಲು.

ನಮ್ಮ ಕೋಣೆಯಲ್ಲಿ ಪಟ್ಟಿ ಓದುವುದಕ್ಕೊಂದು ಕ್ರಮವಿದೆ. ಈಗ ನಿವೃತ್ತರಾಗಿರುವ ಮೊದಲ ಮುಖ್ಯಸ್ಥರು ಮಾಡಿಟ್ಟದ್ದು. ಪಟ್ಟಿ ಬರೆದವರು ಓದಬೇಕು. ಇನ್ನೊಬ್ಬರು ಅದೇ ಲೆಕ್ಕವನ್ನು ಬರೆದವರ ಮುಖ ನೋಡದೆ ಬೇರೆಯಾಗಿ ಮಾಡಿ, ತಮ್ಮದೇ ಹಾಳೆ ಹಿಡಿದು ಪಕ್ಕದಲ್ಲಿ ಕೂರಬೇಕು. ಸಾಲು ತಾಳೆಯಾದರೆ ‘ಹೂಂ’. ತಾಳೆಯಾಗದಿದ್ದರೆ ‘ಊಹೂಂ’, ಅಲ್ಲಿಗೆ ಓದು ನಿಲ್ಲಬೇಕು. ಬೇರೆ ಒಂದು ಮಾತೂ ಆಡಬಾರದು. ಸರಿ, ಆಯ್ತು, ಓಕೆ ಎಂದೆಲ್ಲ ಶುರುಮಾಡಿದರೆ ಯಾವುದು ಪಟ್ಟಿಗೆ, ಯಾವುದು ಪಕ್ಕದ ಮೇಜಿಗೆ ಎಂದು ತಿಳಿಯುವುದಿಲ್ಲ ಎನ್ನುವುದು ಅವರ ವಾದ.

ಬೇರೆ ವಿಭಾಗದಿಂದ ಬಂದವರೊಬ್ಬರು ಒಮ್ಮೆ ಇದನ್ನು ನೋಡಿ ನಕ್ಕಿದ್ದರು. “ಎರಡೂ ಮೂಗಲ್ಲೇ ಹೇಳೋ ಮಾತು. ಒಂದಕ್ಕೊಂದು ಕೇಳಿಸಿದ್ರೆ?”

“ಹುಟ್ಟಿದಾಗಿಂದ ಹೂಂ ಅನ್ನಿಸ್ಕೊಂಡೇ ಬಂದಿದೀನಿ. ನಂಗೊತ್ತಾಗಲ್ವಾ?” ಎಂದು ನಾನು ಅವರ ಬಾಯಿ ಮುಚ್ಚಿಸಿದ್ದೆ.

ನನಗೆ ಹೂಂ ಹೇಳುತ್ತಿದ್ದವಳು ನನ್ನ ಓರಗಿತ್ತಿ, ನನ್ನ ಮೈದುನನ ಹೆಂಡತಿ. ಮನೆಯಲ್ಲಿ ಅವಳನ್ನು ಚಿಕ್ಕವಳು ಎನ್ನುತ್ತೇವೆ. ಮದುವೆಯಾಗಿ ಬಂದು ಹದಿಮೂರು ವರ್ಷವಾದರೂ ಚಿಕ್ಕವಳು ಚಿಕ್ಕವಳೇ. ಒಂದೇ ಮನೆ, ಒಂದೇ ಕಾರು, ಒಂದೇ ಕೋಣೆ. ಲೆಕ್ಕದಲ್ಲಿ ನನಗಿಂತ ಒಂದು ಕೈ ಮೇಲು, ಒಪ್ಪುತ್ತೇನೆ. ಮಾತಿನಲ್ಲಿ ಮಾತ್ರ ಅಳೆದು ಸುರಿದಂತೆ. ಸೋಫಾ ಆ ಗೋಡೆಗೆ ಹಾಕೋಣವೆಂದರೆ ಹೂಂ. ರಜೆಗೆ ನನ್ನ ತವರಿಗೆ ಹೋಗೋಣವೆಂದರೆ ಹೂಂ. ನಮ್ಮ ಮನೆಯಲ್ಲಿ ಊಹೂಂ ಎನ್ನುವ ಶಬ್ದವೇ ಇಲ್ಲ ಎಂದು ನಾನು ಕಂಡಕಂಡವರ ಮುಂದೆ ಜಂಭ ಕೊಚ್ಚಿಕೊಳ್ಳುತ್ತಿದ್ದೆ.

ಅವತ್ತು ಬೆಳಿಗ್ಗೆಯೂ ಹಾಗೇ. ಅಡುಗೆಮನೆಗೆ ಬಣ್ಣ ಹೊಡೆಯುವವನು ಒಂಬತ್ತಕ್ಕೆ ಬರುವವನಿದ್ದ. ನಾನು ಕಾರು ಓಡಿಸುತ್ತ, “ಹಸಿರೇ ಇರ್ಲಿ ಕಣೇ. ಕಣ್ಣಿಗೆ ತಂಪು. ಅಲ್ವಾ?” ಎಂದೆ. ಅವಳು ಕಿಟಕಿಯಾಚೆ ನೋಡುತ್ತ ಮೂಗಿನಲ್ಲೇ ಏನೋ ಅಂದಳು. ಸಿಗ್ನಲ್ಲಿನಲ್ಲಿ ಕಾರು ನಿಂತಾಗ ನಾನು ಬಣ್ಣದವನಿಗೆ ಫೋನ್ ಮಾಡಿ ಹಸಿರು ಎಂದು ಹೇಳಿಬಿಟ್ಟೆ.

ಕೆಲಸದ ಜಾಗಕ್ಕೆ ಬಂದರೆ ಮೊದಲ ಅಡ್ಡಿ ಕಾದಿತ್ತು. ನಮ್ಮ ಕೋಣೆಯ ಗಾಜಿನ ಗೋಡೆಯಾಚೆ ಒಂದು ದೊಡ್ಡ ಹಾಲ್ ಇದೆ. ಅಲ್ಲಿ ಬುಟ್ಟಿಯ ಅವಳಿ ನಿಂತಿರುತ್ತದೆ, ಅದೇ ಅಳತೆ, ಅದೇ ತಂತಿ, ಅದೇ ಮೋಟರು. ಎದುರು ಗೋಡೆಯ ಮೇಲೊಂದು ಕೆಂಪು ದೀಪ. ಅದು ನಮ್ಮ ಭೂಮಿ ಎಂದು ಲೆಕ್ಕ. ಪಟ್ಟಿಯನ್ನು ಮೊದಲು ಈ ಅವಳಿ ನೌಕೆಗೆ ಕೊಟ್ಟು, ಅದು ಸರಿಯಾಗಿ ನಡೆದುಕೊಂಡರೆ ಆಮೇಲೆ ಬುಟ್ಟಿಗೆ ಕಳಿಸುವುದು ರೂಢಿ. ಅವತ್ತು ಅವಳಿಯ ಮೋಟರು ಬಿಚ್ಚಿಕೊಂಡು ಬಿದ್ದಿತ್ತು.

“ಇನ್ನರ್ಧ ಗಂಟೆ ಕೊಡಿ ಅಕ್ಕಾವ್ರೇ,” ಎಂದ ಮೆಕ್ಯಾನಿಕ್. “ಹತ್ತೂವರೆಗೆ ಕುಣಿಸಿ ತೋರಿಸ್ತೀನಿ.”

ಶನಿಯವರೆಗೆ ದನಿ ಮುಟ್ಟಿಸುವ ದೊಡ್ಡ ಆಂಟೆನಾ ನಮ್ಮೊಬ್ಬರದಲ್ಲ. ಅವತ್ತು ನಮಗೆ ಸಿಕ್ಕಿದ್ದು ಹತ್ತು ಇಪ್ಪತ್ತರಿಂದ ಹತ್ತು ನಲವತ್ತರವರೆಗೆ, ಬರೀ ಇಪ್ಪತ್ತು ನಿಮಿಷ. ಹತ್ತೂವರೆಗೆ ಅವಳಿಯನ್ನು ಕುಣಿಸಿ, ಆಮೇಲೆ ಕಳಿಸಿದರೂ ಆಗುತ್ತಿತ್ತು. ಆದರೆ ಹತ್ತು ಇಪ್ಪತ್ತಕ್ಕೆ ಸಿಕ್ಕಿದ್ದನ್ನು ಹತ್ತು ಇಪ್ಪತ್ತಕ್ಕೇ ಮುಗಿಸದಿದ್ದರೆ ನಾನು ನಾನಾಗುವುದು ಹೇಗೆ?

“ನಾವಿಬ್ರೂ ಓದ್ತೀವಲ್ಲ, ಸಾಕು. ನಿನ್ನ ಕುಣಿತ ಆಮೇಲೆ ನೋಡ್ತೀವಿ,” ಎಂದು ನಾನು ಪಟ್ಟಿ ಎತ್ತಿಕೊಂಡೆ.

ಓದಿದೆವು. ನಾನು ಸಾಲು ಹೇಳುವುದು, ಅವಳು ಹೂಂ ಎನ್ನುವುದು. ಹನ್ನೆರಡು ನಿಮಿಷಕ್ಕೆ ಅರವತ್ತೆರಡೂ ಸಾಲು ಮುಗಿದವು. ಹತ್ತು ಇಪ್ಪತ್ತಕ್ಕೆ ಸರಿಯಾಗಿ ಗುಂಡಿ ಒತ್ತಿದೆ. ಚಿಕ್ಕವಳು ತನ್ನ ಹಾಳೆಯನ್ನು ಕಡತಕ್ಕೆ ಸೇರಿಸಲು ಒಳಗೆ ಹೋದಳು. ನಾನು ಕಾಫಿ ತರಿಸಿಕೊಂಡೆ.

ಹತ್ತು ಮೂವತ್ತೊಂದಕ್ಕೆ ಗಾಜಿನಾಚೆ ಅವಳಿ ನೌಕೆಗೆ ಜೀವ ಬಂತು. ಮೆಕ್ಯಾನಿಕ್ ನಮ್ಮ ಪಟ್ಟಿಯನ್ನೇ ಅದಕ್ಕೆ ಕೊಟ್ಟಿದ್ದ, ಮೋಟರು ಹೇಗಿದೆ ನೋಡೋಣವೆಂದು. ಅದರ ಬಾಯಿ ನಿಧಾನವಾಗಿ ಅಲುಗಿತು. ಕೆಂಪು ದೀಪದ ಕಡೆಗೆ ಬರಬೇಕಾದದ್ದು ಅದರಿಂದ ದೂರ ಹೊರಟಿತು. ಹೋಯಿತು, ಹೋಯಿತು, ಬೆಂಕಿ ಆರಿಸುವ ಸಿಲಿಂಡರು ನೇತುಹಾಕಿದ್ದ ಮೂಲೆಗೆ ಮುಖ ಮಾಡಿ ನಿಂತಿತು.

“ಮೋಟರು ಉಲ್ಟಾ ಜೋಡಿಸಿದ್ಯೇನೋ?” ಎಂದು ನಾನು ಗಾಜಿನ ಬಾಗಿಲು ತೆಗೆದು ಕೂಗಿದೆ.

“ಇಲ್ಲ ಅಕ್ಕಾವ್ರೇ.” ಅವನ ಮುಖದಲ್ಲಿ ರಕ್ತವಿರಲಿಲ್ಲ. “ಪಟ್ಟೀಲಿ ಇರೋದೇ ಹಂಗೆ. ನಲವತ್ತೊಂದು ನೋಡಿ. ಪ್ಲಸ್ ಇದೆ.”

ನೋಡಿದೆ. ಪ್ಲಸ್ ಹನ್ನೆರಡು ಪಾಯಿಂಟ್ ನಾಲ್ಕು. ಮೈನಸ್ ಇರಬೇಕಿತ್ತು. ನನ್ನದೇ ಕೈಬರಹ. ಕೈಯಲ್ಲಿದ್ದ ಕಾಫಿ ಯಾವಾಗ ಚೆಲ್ಲಿತೋ ತಿಳಿಯದು. ಚಪ್ಪಲಿಯೊಳಗೆ ಬಿಸಿ ತಾಗಿದಾಗಲೇ ಗೊತ್ತಾದದ್ದು.

ಚಿಕ್ಕವಳು ಓಡಿ ಬಂದಳು. ಗಾಜಿನಾಚೆ ನೋಡಿದಳು, ಆಮೇಲೆ ನನ್ನ ಕಡೆ ತಿರುಗಿದಳು. “ಅಕ್ಕ, ನೀವು ಅದನ್ನ...”

“ಹೂಂ ಅಂದ್ಯಲ್ಲೇ!” ಕೋಣೆಯಲ್ಲಿದ್ದ ನಲವತ್ತು ಜನವೂ ತಿರುಗುವ ಹಾಗೆ ಕಿರುಚಿದೆ. “ನಾನು ಪ್ಲಸ್ ಅಂತ ಓದಿದ್ರೆ ನೀನು ಕೂತ್ಕೊಂಡು ಹೂಂ ಅಂದ್ಯಲ್ಲೇ!”

ಅವಳ ಬಾಯಿ ತೆರೆದದ್ದು ಹಾಗೇ ಮುಚ್ಚಿಕೊಂಡಿತು. ತಪ್ಪು ಮಾಡಿದವಳ ಮುಖ ಎಂದರೆ ಹೀಗೇ ಇರುತ್ತದೆ ಎಂದುಕೊಂಡೆ.

ತಿದ್ದಿದ ಪಟ್ಟಿ ಹತ್ತು ಮೂವತ್ತೊಂಬತ್ತಕ್ಕೆ ಹೋಯಿತು, ಇನ್ನೊಂದು ನಿಮಿಷ ತಡವಾಗಿದ್ದರೆ ದೊಡ್ಡ ಆಂಟೆನಾ ನಮ್ಮ ಕೈ ತಪ್ಪುತ್ತಿತ್ತು. ಆದರೆ ಹೋಗಿ ಏನು ಬಂತು? ನಮ್ಮ ಮಾತು ಬುಟ್ಟಿಗೆ ಮುಟ್ಟಲು ಎಂಬತ್ತನಾಲ್ಕು ನಿಮಿಷ ಬೇಕು. ಬೆಳಕಿಗಿಂತ ಜೋರಾಗಿ ಓಡುವಂಥದ್ದು ಯಾವುದೂ ಇಲ್ಲ. ತಪ್ಪು ಮಾತು ಮುಂದೆ, ಸರಿಯಾದ ಮಾತು ಹತ್ತೊಂಬತ್ತು ನಿಮಿಷ ಹಿಂದೆ. ಎರಡೂ ಅದೇ ವೇಗದಲ್ಲಿ ಓಡುತ್ತಿವೆ. ಮೊದಲಿನದು ಮುಟ್ಟಿದ ಕೂಡಲೇ ಬುಟ್ಟಿ ಮುಖ ತಿರುಗಿಸುತ್ತದೆ, ಎರಡನೆಯದು ಹೋಗಿ ಅದರ ಬೆನ್ನಿಗೆ ಬಡಿಯುತ್ತದೆ.

ದೊಡ್ಡ ಪರದೆಯ ಮೇಲೆ ಬುಟ್ಟಿಯಿಂದ ಬರುವ ಸಂಕೇತ ಹಸಿರು ಗೆರೆಯಾಗಿ ಕಾಣುತ್ತಿತ್ತು. ಅದು ಎಂದಿನಂತೆ ನೆಮ್ಮದಿಯಾಗಿ ಓಡುತ್ತಿತ್ತು. ಎಲ್ಲಾ ಸರಿಯಾಗಿದೆ, ಬ್ಯಾಟರಿ ಸರಿಯಾಗಿದೆ, ಬಿಸಿ ಸರಿಯಾಗಿದೆ, ಮುಂದೇನು ಹೇಳಿ ಎನ್ನುತ್ತಿತ್ತು. ಕೂಗಿ ತಡೆಯಲೂ ಆಗದೆ, ಬಿಟ್ಟು ಹೋಗಲೂ ಆಗದೆ ನಾವು ಕೂತೆವು. ಯಾರೋ ಲೆಕ್ಕ ಹಾಕಿ, “ಬಾಯಿಯ ಅಂಚಿಂದಾದ್ರೂ ಕೇಳಿಸಬಹುದಾ?” ಎಂದರು. ಚಿಕ್ಕವಳು ಕಾಗದದ ಮೇಲೆ ನಾಲ್ಕು ಸಾಲು ಗೀಚಿ ತಲೆ ಅಡ್ಡಡ್ಡ ಆಡಿಸಿದಳು.

ಹನ್ನೊಂದು ನಲವತ್ತನಾಲ್ಕಾಯಿತು. ಅಷ್ಟು ದೂರದಲ್ಲಿ, ನಮ್ಮ ಕಣ್ಣಿಗೆ ಕಾಣದ ಹಾಗೆ, ಬುಟ್ಟಿ ನಾನು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿತು. ಪರದೆಯ ಮೇಲಿನ ಗೆರೆ ಮಾತ್ರ ಹಾಗೇ ಓಡುತ್ತಿತ್ತು. ನಿಂತುಹೋಗಿರುವುದು ನಮಗೆ ಕಾಣಲೂ ಇನ್ನು ಎಂಬತ್ತನಾಲ್ಕು ನಿಮಿಷ ಬೇಕಿತ್ತು.

ಹನ್ನೆರಡೂಕಾಲಿಗೆ ಮೇಡಂ, ಎಂದರೆ ಈಗಿನ ಮುಖ್ಯಸ್ಥೆ, ನಮ್ಮಿಬ್ಬರನ್ನೂ ತಮ್ಮ ಕೋಣೆಗೆ ಕರೆದರು. ಮೇಲಿನವರಿಗೆ ಒಂದು ಗಂಟೆಯೊಳಗೆ ವರದಿ ಹೋಗಬೇಕಿತ್ತು. ಅವರ ಪಕ್ಕದಲ್ಲಿ ಉಪಮುಖ್ಯಸ್ಥ. ಅವನಿಗೆ ನಾವು ಇಟ್ಟ ಹೆಸರು ಗಡಿಯಾರ. ಎದುರಿಗಿದ್ದವರು ಮಾತಾಡುವಾಗ ಮಣಿಕಟ್ಟು ನೋಡಿಕೊಳ್ಳುವ ಚಾಳಿ. ನನ್ನನ್ನು ಕಂಡರೆ ಅವನಿಗೂ, ಅವನನ್ನು ಕಂಡರೆ ನನಗೂ ಅಷ್ಟಕ್ಕಷ್ಟೆ.

ಮೇಡಂ ಎರಡೂ ಹಾಳೆಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. “ಪಟ್ಟಿ ಬರೆಯೋವಾಗ ತಪ್ಪು ಆಗೇ ಆಗುತ್ತೆ. ಅದನ್ನ ಹಿಡಿಯೋದಕ್ಕೇ ಓದೋದು,” ಎಂದು ಶುರುಮಾಡಿ, ಚಿಕ್ಕವಳ ಕಡೆ ತಿರುಗಿದರು. “ನಿಮ್ಮ ಹಾಳೇಲಿ ಮೈನಸ್ ಇದೆಯಲ್ಲಮ್ಮ. ಸರಿಯಾಗೇ ಇದೆ. ಇವರು ಪ್ಲಸ್ ಅಂತ ಓದಿದಾಗ ನೀವು ಹೂಂ ಅಂದ್ರಾ?”

ಚಿಕ್ಕವಳು ನನ್ನನ್ನೊಮ್ಮೆ ನೋಡಿದಳು. ಆಮೇಲೆ ಮೇಜು ನೋಡುತ್ತ, “ಹೂಂ,” ಎಂದಳು.

“ಕೇಳಿಸ್ಕೊಳ್ದೆ ಅಂದ್ರಿ.”

“ಹೂಂ ಮೇಡಂ.”

“ಇನ್ಮೇಲೆ ನೀವು ಆ ಕೋಣೆಗೆ ಬರೋ ಹಾಗಿಲ್ಲ. ಬೇರೆ ಎಲ್ಲಾದ್ರೂ ಹಾಕ್ತೀವಿ, ಲೆಕ್ಕಪತ್ರನೋ, ಗ್ರಂಥಾಲಯನೋ. ಅರ್ಥವಾಯ್ತಾ?”

“ಹೂಂ.”

ಲೆಕ್ಕ ಎಂದರೆ ಜೀವ ಬಿಡುವವಳು ಅವಳು. ಬುಟ್ಟಿ ನೆಲ ಬಿಟ್ಟ ದಿನ ಎಲ್ಲರೂ ಕುಣಿಯುವಾಗ ಅವಳು ಮೂಲೆಯಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಿದ್ದನ್ನು ನಾನು ಕಂಡಿದ್ದೆ. ಆ ಏಳು ವರ್ಷ ಮೂರು ಹೂಂಗಳಲ್ಲಿ ಮುಗಿಯಿತು. ನನಗೆ ಅಯ್ಯೋ ಅನ್ನಿಸಿತು. ಆದರೆ ಸುಳ್ಳು ಯಾಕೆ ಹೇಳಲಿ, ಅದರ ಅಡಿಯಲ್ಲೇ ಬಚಾವಾದೆ ಎನ್ನುವ ಸಮಾಧಾನವೂ ಇತ್ತು. ಇದನ್ನು ಬರೆಯುವಾಗ ನನಗೆ ನನ್ನ ಮೇಲೇ ಅಸಹ್ಯವಾಗುತ್ತಿದೆ.

ಅಲ್ಲಿಗೇ ಮುಗಿಯಬೇಕಿತ್ತು. ಮುಗಿಯಗೊಡದವನು ಗಡಿಯಾರ.

“ಇಬ್ರೂ ಒಂದೇ ಮನೆಯವ್ರು,” ಎಂದ ಮಣಿಕಟ್ಟು ನೋಡಿಕೊಳ್ಳುತ್ತ. “ಕೂತು ಓದಿದ್ರೋ, ಇಲ್ಲ ಕಾರಲ್ಲೇ ಹೂಂ ಹೂಂ ಅಂದ್ಕೊಂಡು ಬಂದ್ರೋ, ಯಾರು ನೋಡಿದಾರೆ?”

ನನ್ನ ಮೈ ಉರಿದುಹೋಯಿತು. “ಒಂದೊಂದು ಸಾಲೂ ಓದಿದೀನಿ! ಒಂದೊಂದಕ್ಕೂ ಹೂಂ ಅನ್ನಿಸ್ಕೊಂಡಿದೀನಿ! ಕೋಣೇಲಿ ಆಡೋ ಮಾತೆಲ್ಲ ರೆಕಾರ್ಡ್ ಆಗುತ್ತಲ್ಲ, ಹಾಕ್ಸಿ ಮೇಡಂ. ಇವರ ಮುಂದೇನೇ ಹಾಕ್ಸಿ.”

“ಬೇಡ ಬಿಡಿ ಅಕ್ಕ,” ಎಂದಳು ಚಿಕ್ಕವಳು.

“ನೀನು ಸುಮ್ನಿರು.”

“ಅವರೇ ಒಪ್ಕೊಂಡಿದಾರಲ್ಲ, ರೆಕಾರ್ಡ್ ಯಾಕೆ?” ಎಂದರು ಮೇಡಂ ಕೂಡ.

“ಹಾಕ್ಸಲೇಬೇಕು ಮೇಡಂ. ನನ್ನ ಮರ್ಯಾದೆ ಪ್ರಶ್ನೆ.”

“ಅಕ್ಕ, ಬೇಡ.” ಅವಳು ನನ್ನ ತೋಳು ಹಿಡಿದಳು. ಹದಿಮೂರು ವರ್ಷದಲ್ಲಿ ಅವಳು ನನ್ನನ್ನು ಹಾಗೆ ಹಿಡಿದದ್ದು ಅದೇ ಮೊದಲು. ನಾನು ಕೊಡವಿಕೊಂಡೆ.

ಟೇಪಣ್ಣ ಬಂದ. ಟೇಪಿನ ಕಾಲ ಮುಗಿದು ಎಷ್ಟೋ ವರ್ಷವಾದರೂ ಧ್ವನಿ ಮುದ್ರಿಸಿಡುವ ಅವನಿಗೆ ಆ ಹೆಸರು ಅಂಟಿಕೊಂಡೇ ಇದೆ. ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು, ಸ್ಪೀಕರು ಜೋಡಿಸಿ, ನಲವತ್ತನೆಯ ಸಾಲಿಗೆ ತಂದು ಬಿಟ್ಟ. ಗೋಡೆಯ ಗಡಿಯಾರದಲ್ಲಿ ಒಂದಕ್ಕೆ ಹತ್ತು ನಿಮಿಷ.

ಸ್ಪೀಕರಿನಿಂದ ನನ್ನ ದನಿ ಬಂತು. ನಾನಂದುಕೊಂಡಿದ್ದಕ್ಕಿಂತ ಕೀರಲು.

“ನಲವತ್ತು. ಹೀಟರ್ ಎರಡು, ಬಂದ್.”

“ಹೂಂ.”

“ನಲವತ್ತೊಂದು. ಬುಟ್ಟಿ ತಿರುವು, ಪ್ಲಸ್ ಹನ್ನೆರಡು ಪಾಯಿಂಟ್ ನಾಲ್ಕು.”

“ಊಹೂಂ.”

ಬಾಗಿಲ ಸದ್ದಿಲ್ಲ, ಕೆಮ್ಮಿಲ್ಲ, ಯಾರ ಫೋನೂ ಹೊಡೆದುಕೊಳ್ಳಲಿಲ್ಲ. ಗಂಟೆ ಬಾರಿಸಿದಷ್ಟು ಸ್ಪಷ್ಟವಾಗಿ ಊಹೂಂ.

“ನಲವತ್ತೆರಡು. ಬುಟ್ಟಿ ಬೀಗ...”

“ಅಕ್ಕ, ಊಹೂಂ. ನಲವತ್ತೊಂದು...”

“ಹೂಂ ಹೂಂ, ಮುಂದೆ. ನಲವತ್ತೆರಡು. ಬುಟ್ಟಿ ಬೀಗ ಹಾಕು.”

ಆಮೇಲೆ ಎರಡು ಕ್ಷಣ ಏನೂ ಇಲ್ಲ. ಆಮೇಲೆ ಅವಳ ದನಿ, ಬಲು ಸಣ್ಣಗೆ. “ಹೂಂ.”

“ಇನ್ನೊಂದ್ಸಲ,” ಎಂದರು ಮೇಡಂ. ಟೇಪಣ್ಣ ಮತ್ತೆ ಹಾಕಿದ. ಊಹೂಂ. ಅಕ್ಕ, ಊಹೂಂ. ಹೂಂ ಹೂಂ, ಮುಂದೆ. ಮೂರನೆಯ ಸಲ ಯಾರೂ ಕೇಳದೆ ಅವನೇ ಹಾಕಿದ, ಅವನಿಗೂ ನಂಬಿಕೆ ಬಂದಿರಲಿಲ್ಲವೇನೋ.

ನೀವು ನಂಬಲಾರಿರಿ, ಆ ಮಾತು ಆಡಿದ್ದು ನನಗೆ ಒಂದಿಷ್ಟೂ ನೆನಪಿರಲಿಲ್ಲ. ಈಗಲೂ ಇಲ್ಲ. ನನ್ನ ತಲೆಯೊಳಗೆ ಅವತ್ತಿನ ಓದು ಅರವತ್ತೆರಡು ಸಾಲು, ಅರವತ್ತೆರಡು ಹೂಂ. ಬೇಕಾದರೆ ಆಣೆ ಮಾಡಿ ಹೇಳುತ್ತಿದ್ದೆ. ಅವಳು ಎರಡು ಸಲ ಊಹೂಂ ಎಂದಿದ್ದಾಳೆ, ಎರಡು ಸಲವೂ ಅದು ನನ್ನ ಕಿವಿಗೆ ಬರುವ ಮೊದಲೇ ಹೂಂ ಆಗಿಹೋಗಿದೆ. ಬೇರೆಯವಳು ಯಾರೋ ನನ್ನ ದನಿಯಲ್ಲಿ ಮಾತಾಡಿ ಹೋಗಿದ್ದಾಳೆ ಎನ್ನಿಸಿ ಹೆದರಿಕೆಯಾಯಿತು.

ಗಡಿಯಾರ ಮಣಿಕಟ್ಟು ನೋಡಿಕೊಳ್ಳುವುದನ್ನೇ ಮರೆತಿದ್ದ.

“ಮತ್ಯಾಕಮ್ಮ ಆಗ ಹೂಂ ಅಂದೆ ಅಂದ್ರಿ?” ಎಂದರು ಮೇಡಂ. ಅವರ ದನಿ ಇಳಿದಿತ್ತು.

ಚಿಕ್ಕವಳು ಸ್ವಲ್ಪ ಹೊತ್ತು ಸೆರಗಿನ ಅಂಚು ತಿರುವುತ್ತಿದ್ದಳು. “ಓದೋವಾಗ ಅಕ್ಕ ಹೂಂ ಹೂಂ ಅಂದ್ರಲ್ಲ. ಕೇಳಿಸ್ಕೊಂಡ್ರು, ಕಳಿಸೋ ಮುಂಚೆ ತಿದ್ಕೊಳ್ತಾರೆ ಅಂದ್ಕೊಂಡೆ. ನಿಲ್ಲಿಸಬೇಕಿತ್ತು. ಅದು ನನ್ನ ತಪ್ಪೇ.”

“ಅದಲ್ಲ. ಇಲ್ಲಿ, ನನ್ನ ಮುಂದೆ.”

“ಅಕ್ಕ ಅಷ್ಟು ಜನರ ಮುಂದೆ ನೀನು ಹೂಂ ಅಂದೆ ಅಂದ್ರು.” ಅವಳು ತಲೆಯೆತ್ತಲಿಲ್ಲ. “ಮನೇಲೂ ಹಂಗೇ ಮೇಡಂ. ನಾನು ಊಹೂಂ ಅಂದ್ರೂ ಹೂಂ ಅಂದೆ ಅಂತಾನೇ ಆಗುತ್ತೆ. ಅಭ್ಯಾಸ ಆಗ್ಬಿಟ್ಟಿದೆ.”

ಅವಳು ದೂರುವ ದನಿಯಲ್ಲಿ ಹೇಳಲಿಲ್ಲ. ದೂರಿದ್ದರೆ ನಾನು ಜಗಳವಾಡಬಹುದಿತ್ತು. ಹವಾಮಾನ ಹೇಳಿದ ಹಾಗೆ ಹೇಳಿದಳು. ಆ ಕ್ಷಣಕ್ಕೆ ಬುಟ್ಟಿ ನನ್ನ ನೆನಪಿನಲ್ಲೇ ಇರಲಿಲ್ಲ. ಸೋಫಾ, ರಜೆ, ಕಿಟಕಿಯ ಪರದೆ, ಅವಳ ಮಗಳನ್ನು ನಾನು ಸೇರಿಸಿದ ಶಾಲೆ, ಎಲ್ಲಾ ಒಂದೊಂದಾಗಿ ಕಣ್ಣ ಮುಂದೆ ಬಂದವು. ಅವುಗಳಲ್ಲಿ ಎಷ್ಟು ಹೂಂ, ಎಷ್ಟು ಊಹೂಂ? ಮನೆಯಲ್ಲಿ ಆಡಿದ್ದನ್ನು ತಿರುಗಿ ಕೇಳಿಸಲು ಯಾವ ಟೇಪಣ್ಣನೂ ಇರಲಿಲ್ಲ.

ಮೇಡಂ ಪೆನ್ನು ತೆಗೆದು ವರದಿಯಲ್ಲಿ ಒಂದು ಹೆಸರು ಹೊಡೆದು ಹಾಕಿದರು. ಅದರ ಮೇಲೆ ನನ್ನದನ್ನು ಬರೆದರು. ನಾನು ನೋಡುತ್ತಲೇ ಇದ್ದೆ. ಸರಿಯಾಗಿಯೇ ಬರೆದರು.

ಒಂದು ಗಂಟೆ ಐದು ನಿಮಿಷಕ್ಕೆ ಎಲ್ಲರೂ ದೊಡ್ಡ ಪರದೆಯ ಮುಂದೆ ಹೋಗಿ ನಿಂತೆವು. ಹೊರಗೆ ಸುಡು ಬಿಸಿಲು, ಕ್ಯಾಂಟೀನಿನಲ್ಲಿ ತಟ್ಟೆಗಳ ಸದ್ದು. ಗೆರೆ ಓಡುತ್ತಿತ್ತು. ಬ್ಯಾಟರಿ ಸರಿಯಾಗಿದೆ. ಬಿಸಿ ಸರಿಯಾಗಿದೆ. ನಲವತ್ತು, ಹೀಟರ್ ಎರಡು ಬಂದ್ ಆಯಿತು. ನಲವತ್ತೊಂದು, ತಿರುಗುತ್ತಿದ್ದೇನೆ. ಗೆರೆ ಒಮ್ಮೆ ತೆಳುವಾಯಿತು, ಇನ್ನೊಮ್ಮೆ ಮೇಲೆದ್ದಿತು. ಒಂದು ಗಂಟೆ ಎಂಟು ನಿಮಿಷಕ್ಕೆ ಅಳಿಸಿಹೋಯಿತು. ಹಿಂದೆ ಯಾರೋ “ಅಯ್ಯೋ” ಎಂದರು. ಮೆಕ್ಯಾನಿಕ್ ಗಾಜಿನ ಗೋಡೆಗೆ ಹಣೆಯೂರಿ ನಿಂತುಬಿಟ್ಟ.

ನಮ್ಮ ದನಿ ಮೂವತ್ತು ದಿನ ಕೇಳಿಸದಿದ್ದರೆ ಬುಟ್ಟಿ ತಾನಾಗಿಯೇ ಬಾಯಿ ತಿರುಗಿಸಿ ನಮ್ಮನ್ನು ಹುಡುಕುತ್ತದೆ, ಹಾಗೆಂದು ಅದರೊಳಗೆ ಬರೆದಿಟ್ಟಿದ್ದೇವೆ. ಸಿಗಲೂಬಹುದು. ಆದರೆ ಚಂದ್ರನ ತುಂತುರು ಇದ್ದದ್ದು ಹನ್ನೊಂದನೆಯ ದಿನಕ್ಕೆ. ಮುಚ್ಚಳ ತೆಗೆ ಎಂದು ಹೇಳುವವರಿಲ್ಲದೆ, ಕ್ಯಾಮೆರಾ ಮುಚ್ಚಿಕೊಂಡೇ ಅದು ಆ ತುಂತುರಿನ ನಡುವೆ ಹಾದುಹೋಗುತ್ತದೆ. ಏಳು ವರ್ಷ ಹೋದದ್ದು ಅದಕ್ಕಾಗಿ.

“ಮೂವತ್ತನೇ ದಿನಕ್ಕೆ ಪಟ್ಟಿ ಸಿದ್ಧ ಇರ್ಬೇಕು. ನೀವು ಬರೀರಿ,” ಎಂದು ಮೇಡಂ ಚಿಕ್ಕವಳಿಗೆ ಹೇಳಿದರು. ನನಗೆ ಹೇಳಿದ್ದು ಇಷ್ಟೇ: “ನಾಳೆಯಿಂದ ನೀವು ಬರ್ಬೇಡಿ. ಕಾಗದ ಮನೆಗೆ ಬರುತ್ತೆ.” ನನ್ನ ಗುರುತಿನ ಚೀಟಿಯನ್ನು ಬಾಗಿಲಲ್ಲೇ ಬಿಚ್ಚಿಕೊಟ್ಟೆ.

ಸಂಜೆ ಅದೇ ಕಾರು, ಅದೇ ರಸ್ತೆ, ಅದೇ ಸಿಗ್ನಲ್ಲು. ಮನೆಗೆ ಬಂದರೆ ಬಣ್ಣದವನು ಹಿತ್ತಲ ನಲ್ಲಿಯಲ್ಲಿ ಬ್ರಷ್ ತೊಳೆಯುತ್ತಿದ್ದ. “ಮೂರು ಗೋಡೆ ಆಯ್ತಮ್ಮ. ನಾಲ್ಕನೇದು ನಾಳೆ,” ಎಂದು ಹೊರಟ. ಅಡುಗೆಮನೆ ಮೂರು ಕಡೆ ಹಸಿರಾಗಿ ನಿಂತಿತ್ತು. ನನ್ನ ಕಣ್ಣಿಗೇ ರಾಚಿತು.

ಚಿಕ್ಕವಳು ಒಳಗೆ ಬಂದು, ಹಳೆಯ ಪತ್ರಿಕೆ ಹಾಸಿದ್ದ ಕಟ್ಟೆಯ ಮೇಲೆ ಚೀಲವಿಟ್ಟು, ಗೋಡೆ ನೋಡಿದಳು.

“ಬೆಳಿಗ್ಗೆ ಕಾರಲ್ಲಿ,” ಎಂದೆ. “ಹಸಿರು ಬೇಡ ಅಂದಿದ್ಯಾ?”

“ಊಹೂಂ ಅಂದಿದ್ದೆ ಅಕ್ಕ.”

“ನಾಲ್ಕನೇ ಗೋಡೆ ಬೇಡ ಅಂತ ಹೇಳ್ತೀನಿ. ಮೂರನ್ನೂ ಬದಲಾಯಿಸಿಬಿಡೋಣ. ನಾಳೇನೇ ಬಿಳಿ...” ನಾನು ಫೋನಿಗೆ ಕೈ ಹಾಕಿದ್ದೆ. ಅವಳಿಗೆ ಬಿಳಿ ಬೇಕೆಂದು ಯಾರು ಹೇಳಿದ್ದರು? ಕೈ ಅಲ್ಲೇ ನಿಂತಿತು. ಫೋನನ್ನು ಕಟ್ಟೆಯ ಮೇಲೆ ಮಗುಚಿಟ್ಟೆ.

“ನನ್ಮೇಲೆ ಕೋಪ ಇದೆಯೇನೇ?”

ಅವಳು ಬೆನ್ನು ಹಾಕಿ ನಲ್ಲಿಯ ಕೆಳಗೆ ಕೈ ತೊಳೆಯುತ್ತಿದ್ದಳು. ಬಾಯಿ ತೆರೆಯದೆ, ಮೂಗಿನಲ್ಲೇ, ಏನೋ ಅಂದಳು. ನೀರಿನ ಸದ್ದು. ಊಹೂಂ ಎಂದಳು, ಚಿಕ್ಕವಳಿಗೆಲ್ಲಿಯ ಕೋಪ ಎಂದು ನನ್ನ ಕಿವಿ ಆಗಲೇ ಬರೆದುಕೊಂಡುಬಿಟ್ಟಿತ್ತು. ನಾನು ಹೋಗಿ ನಲ್ಲಿ ನಿಲ್ಲಿಸಿದೆ.

“ಏನಂದೆ? ಇನ್ನೊಂದ್ಸಲ ಹೇಳು.”

ಅವಳು ತಿರುಗಿದಳು. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹದಿಮೂರು ವರ್ಷದಲ್ಲಿ ಮೊದಲ ಸಲ ನನ್ನ ಕಣ್ಣಿಗೆ ಕಣ್ಣು ಕೊಟ್ಟು ನಿಂತಳು.

“ಹೂಂ ಅಂದೆ, ಅಕ್ಕ,” ಎಂದಳು. “ತುಂಬಾ ಇದೆ.”

ನಾನು ‘ಮುಂದೆ’ ಎನ್ನಲಿಲ್ಲ. ಒಂದು ಸ್ಟೂಲು ಎಳೆದುಕೊಂಡು ಅವಳೆದುರು ಕೂತೆ.